ಬತ್ತಿದ ಹೊಳೆ, ಕೆಟ್ಟ ಹೊಳೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ರಾಮನಗರದಲ್ಲಿ ಒಂದು ಹೊಳೆಯನ್ನು ದಾಟುತ್ತಾರೆ. ಸುತ್ತಲಿನ ಬಂಡೆಬೆಟ್ಟಗಳನ್ನು ತಲೆಯೆತ್ತಿ ನೋಡುವವರು ಅನೇಕರು. ತಲೆ ಬಗ್ಗಿಸಿ ಹೊಳೆಯನ್ನು ನೋಡುವವರು ವಿರಳ. ಅದೇ ಅರ್ಕಾವತಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳನ್ನು ಹಾದು, ರಾಮನಗರ ಕನಕಪುರಗಳ ಮಗ್ಗುಲಲ್ಲಿ ಸಾಗಿ, ಸಂಗಮವೆಂಬ ಸ್ಥಳದಲ್ಲಿ ಕಾವೇರಿಯನ್ನು ಸೇರುವ ಈ ನದಿಯ ಉದ್ದ ಸುಮಾರು 190 ಕಿಲೋಮೀಟರು. ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ನೆಲದ ಮಳೆನೀರು ಇದರ ಪಾತ್ರಕ್ಕೆ ಬಂದು ಸೇರಬೇಕು.

ಈ ಒಂದೇ ನದಿಗೆ ಎರಡು ವಿರುದ್ಧ ಸ್ವಭಾವದ ರೋಗಗಳು ತಗುಲಿವೆ. ಮಾಗಡಿಯ ಕಡೆಯ ಮೇಲ್ಭಾಗದಲ್ಲಿ ನೀರೇ ಸಾಲದು. ಕನಕಪುರದ ಕಡೆಯ ಕೆಳಭಾಗದಲ್ಲಿ ಬೇಸಗೆಯಲ್ಲಿಯೂ ನೀರುಂಟು. ಆದರೆ ಅದು ಬೆಂಗಳೂರು ಬಳಸಿ ಬಿಟ್ಟ ನೀರು, ವೃಷಭಾವತಿಯೆಂಬ ಉಪನದಿಯ ಮೂಲಕ ಹರಿದು ಬರುವಂಥದು. ಹೊಳೆಗಳನ್ನು ಮತ್ತೆ ಜೀವಂತವಾಗಿಸುವ ಮತ್ತು ಅವುಗಳ ನೀರಿನ ಗುಣವನ್ನು ಕಾಯುವ ಕೆಲಸ ಇಂದು ಪ್ರಪಂಚದ ಹಲವು ಕಡೆ ಒಂದು ವೃತ್ತಿಯಾಗಿ ಬೆಳೆದಿದೆ. ಅದಕ್ಕೆ ಶಿಕ್ಷಣವೂ ತರಬೇತಿಯೂ ಏರ್ಪಟ್ಟಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ವೃತ್ತಿಯನ್ನು ಹಿಡಿಯುವರೆಂದು ನಾವು ನಂಬಿದ್ದೇವೆ. ಹಾಗೆ ಹಿಡಿಯುವವರು ಏನನ್ನು ಕಲಿಯಬೇಕಾಗುತ್ತದೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನೀರನ್ನೇ ಪಾಠಪುಸ್ತಕವನ್ನಾಗಿಟ್ಟುಕೊಂಡು ನೋಡೋಣ.

ಮೊದಲು ಬತ್ತಿದ ಭಾಗ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರನ್ನು ಒದಗಿಸಲು ಹೆಸರಘಟ್ಟದ ಕೆರೆಯನ್ನು ಸಜ್ಜುಗೊಳಿಸಿದರು. ಅದು ಸಾಲದೆ ಬಂದಾಗ ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವನ್ನು ಕಟ್ಟಿದರು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ರಾಜಧಾನಿಯ ಬಾಯಾರಿಕೆಯನ್ನು ತಣಿಸಿದ್ದು ಮುಖ್ಯವಾಗಿ ಅರ್ಕಾವತಿಯೇ. ಆಮೇಲಿನ ದಶಕಗಳಲ್ಲಿ ಈ ಜಲಾಶಯಕ್ಕೆ ಬರುವ ನೀರು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಯಿತು.

ಏಕೆ ಕುಗ್ಗಿತು? ಹಳ್ಳಿಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೆ, "ಮಳೆ ಕಡಿಮೆಯಾಯಿತು, ಸ್ವಾಮಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ಪರೀಕ್ಷಿಸದೆ ಒಪ್ಪಿಕೊಂಡವನು ಹೊಳೆಯ ಕೆಲಸಕ್ಕೆ ಯೋಗ್ಯನಲ್ಲ. ಏಟ್ರೀ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ಬೆಂಗಳೂರಿನ ಪರಿಸರ ಸಂಶೋಧನ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಅವರು ಅನುಸರಿಸಿದ ಕ್ರಮ ವಿಜ್ಞಾನದ ಪ್ರತಿ ವಿದ್ಯಾರ್ಥಿಯೂ ಗಮನಿಸತಕ್ಕದ್ದು. ಒಂದು ಕಾರಣವನ್ನು ಹಿಡಿದು ಅದಕ್ಕೆ ಸಾಕ್ಷ್ಯ ಹುಡುಕುವ ಬದಲು, ಸಾಧ್ಯವಿರುವ ಕಾರಣಗಳನ್ನೆಲ್ಲ ಸಾಲಾಗಿ ಎದುರಿಗಿಟ್ಟುಕೊಂಡರು: ಮಳೆ ಕಡಿಮೆಯಾಗಿರಬಹುದು, ಉಷ್ಣಮಾನ ಏರಿ ಆವಿಯಾಗುವಿಕೆ ಹೆಚ್ಚಿರಬಹುದು, ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಹೀರಿರಬಹುದು, ನೀಲಗಿರಿ ತೋಪುಗಳು ಹಬ್ಬಿ ಮಣ್ಣಿನ ತೇವವನ್ನು ಕುಡಿದಿರಬಹುದು, ತಡೆಅಣೆ ಮುಂತಾದ ಅಡ್ಡಿಗಳಿಂದ ಹಳ್ಳಗಳ ಹರಿವು ತುಂಡಾಗಿರಬಹುದು. ಒಂದೊಂದನ್ನೂ ದೊರೆತ ಅಂಕಿಗಳೊಡನೆ ಒರೆಹಚ್ಚಿದಾಗ, ಮಳೆಯ ಅಥವಾ ಉಷ್ಣಮಾನದ ವ್ಯತ್ಯಾಸದಿಂದ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗದೆಂದು ತಿಳಿಯಿತು. ಬಹುಮಟ್ಟಿಗೆ ಹೊಣೆಯಾಗಿ ಕಂಡದ್ದು ಅಂತರ್ಜಲದ ಎತ್ತುವಿಕೆ ಮತ್ತು ನೀಲಗಿರಿ. ಸ್ವಲ್ಪಮಟ್ಟಿಗೆ, ಹಳ್ಳಗಳಿಗೆ ಬಂದ ಅಡ್ಡಿಗಳು.

ಇದರ ಭೌತಿಕ ಹಿನ್ನೆಲೆಯನ್ನು ತಿಳಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ರಾಮನಗರದ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಈ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಹೆಸರನ್ನು ಬದಲಾಯಿಸಿಕೊಂಡರೂ ಶಿಲೆ ಬದಲಾಯಿಸಿಕೊಳ್ಳಲಿಲ್ಲ. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಕಲ್ಲಿನ ಒಡಲಲ್ಲಿ ನೀರು ನಿಲ್ಲಲು ಎಡೆಯಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಮಳೆಗಾಲದಲ್ಲಿ ಈ ಪದರ ತುಂಬಿಕೊಂಡು, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹಳ್ಳದ ದಡಗಳಿಂದ ಒರತೆಯಾಗಿ ಒಸರುತ್ತದೆ. ಹಿಂದಿನವರು ಚಳಿಗಾಲದಲ್ಲಿಯೂ ಹೊಳೆ ಹರಿಯುತ್ತಿತ್ತೆಂದು ಹೇಳುವುದು ಈ ಒರತೆಯನ್ನೇ ಕುರಿತು. ನೀರು ಎತ್ತರದ ಮಟ್ಟದಿಂದ ತಗ್ಗಿನ ಮಟ್ಟಕ್ಕೆ ಹರಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದಾಗ ನೆಲವು ಹಳ್ಳಕ್ಕೆ ನೀರು ಕೊಡುತ್ತದೆ. ಕೊಳವೆಬಾವಿಗಳು ಆ ಮಟ್ಟವನ್ನು ನೂರಾರು ಅಡಿ ಕೆಳಗಿಳಿಸಿದರೆ ವ್ಯವಹಾರ ತಿರುಗುಮುರುಗಾಗಿ, ಹಳ್ಳದಲ್ಲಿ ಬಂದ ಮಳೆನೀರನ್ನೇ ನೆಲ ನುಂಗಿಬಿಡುತ್ತದೆ. ಹೀಗೆ ಸಾಲಗಾರನಾದ ನೆಲದ ಮೇಲೆ ಹೊಳೆಯ ಪಾತ್ರದ ಹೂಳೆತ್ತಿ, ದಡಕ್ಕೆ ಕಲ್ಲು ಕಟ್ಟಿ, ಉದ್ಘಾಟನೆಯ ಫಲಕ ನೆಟ್ಟ ಮಾತ್ರಕ್ಕೆ ನೀರು ಬಂದೀತೆ?

ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯ ವಿಚಾರದಲ್ಲಿ ಈ ತರ್ಕವನ್ನು ಅನುಸರಿಸಿದ ಒಂದು ಪ್ರಯತ್ನ ನಡೆಯಿತು. ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಕಾರ್ಯಕರ್ತರು 2013ರಿಂದೀಚೆಗೆ ನದಿಯ ಪಾತ್ರವನ್ನು ಬಿಟ್ಟು, ಅದರ ಮೇಲಿನ ಸಣ್ಣಪುಟ್ಟ ತೊರೆಗಳಲ್ಲಿ ಕೆಲಸಕ್ಕೆ ಕೈಹಾಕಿದರು. ಉಪಗ್ರಹದ ಚಿತ್ರಗಳನ್ನು ನೋಡಿ ಬಿರುಕುಗಳಿರುವ ತಾಣಗಳನ್ನು ಗುರುತಿಸುವುದು, ಇಳಿಜಾರಿನ ತೊರೆಗಳಲ್ಲಿ ಕಲ್ಲುಗುಂಡುಗಳನ್ನು ಅಡ್ಡಲಾಗಿ ಪೇರಿಸಿ ನೀರಿನ ಓಟವನ್ನು ನಿಧಾನಗೊಳಿಸುವುದು, ಇಂಗುಬಾವಿಗಳನ್ನು ತೋಡುವುದು ಇವರ ವಿಧಾನ. ಕಲ್ಲುಗುಂಡಿನ ತಡೆಗೂ ಸಿಮೆಂಟಿನ ಅಣೆಗೂ ಒಂದು ವ್ಯತ್ಯಾಸವಿದೆ: ಮೊದಲನೆಯದು ನೀರನ್ನು ತಡೆಯುವುದಿಲ್ಲ, ತಡವಾಗಿಸುತ್ತದೆ. ಇಂತಹ ಕೆಲಸಗಳನ್ನು ಕುರಿತು ನಮ್ಮದೊಂದು ಮಾತುಂಟು. ಎಷ್ಟು ಬಾವಿ ತೋಡಿದೆವು, ಎಷ್ಟು ತಡೆ ಕಟ್ಟಿದೆವು ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಆ ಊರಿನ ಬಾವಿಯ ನೀರಿನ ಮಟ್ಟ ಮುಂಗಾರಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಲೆಕ್ಕಕ್ಕೆ ವರ್ಷಗಳ ತಾಳ್ಮೆ ಬೇಕು. ತರಬೇತಿ ಪಡೆದವನನ್ನು ಪಡೆಯದವನಿಂದ ಬೇರೆ ಮಾಡುವುದು ಈ ಎರಡನೆಯ ಲೆಕ್ಕ. ಇಂಗಿಸಿದ ನೀರನ್ನು ಪಕ್ಕದ ಹೊಲದ ಹೊಸ ಕೊಳವೆಬಾವಿ ಮೇಲೆತ್ತಿದರೆ ಬೆಳೆಗೆ ಲಾಭವಾಗಬಹುದು, ಹೊಳೆಗೆ ಒಂದು ಹನಿಯೂ ದಕ್ಕದು.

ಈಗ ಕೆಟ್ಟ ಭಾಗ. ಬೆಂಗಳೂರಿನ ಪಶ್ಚಿಮ ಭಾಗದ ನೀರನ್ನು ಕೂಡಿಸಿಕೊಂಡು ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ವೃಷಭಾವತಿ ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲ ಜಲಾಶಯಕ್ಕೆ ಬಂದು, ಅಲ್ಲಿಂದ ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ್ದರಿಂದ ಈ ಹೆಸರೆಂದು ಐತಿಹ್ಯ. 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲದಲ್ಲಿ ಇಂದು ಬಿಳಿಯ ನೊರೆ ತೇಲುತ್ತದೆ. ಹಿಂದೆ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ರೈತರು ಹಿಪ್ಪುನೇರಳೆ, ಬೇಬಿಕಾರ್ನ್, ಮೇವಿನ ಹುಲ್ಲುಗಳಿಗೆ ತಿರುಗಿದ್ದಾರೆ. ಈ ನೀರು ನಿಂತರೂ ಅವರಿಗೆ ಕಷ್ಟ, ಹೀಗೆಯೇ ಬಂದರೂ ಕಷ್ಟ. ವರ್ಷದ ಹನ್ನೆರಡು ತಿಂಗಳೂ ತಪ್ಪದೆ ಬರುವ ನೀರನ್ನು ಬೇಡವೆನ್ನಲು ಒಣಬೇಸಾಯದ ಸೀಮೆಯ ಯಾವ ರೈತನಿಗೆ ಮನಸ್ಸಾದೀತು?

ನೀರು "ಕೆಟ್ಟಿದೆ" ಎಂದರೆ ಸಾಲದು. ಎಷ್ಟು ಕೆಟ್ಟಿದೆಯೆಂದು ಅಳೆಯಬೇಕು. ಇದರ ಮುಖ್ಯ ಅಳತೆಗೋಲು ಆಮ್ಲಜನಕ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಮುದ್ರಮಟ್ಟದ ಶುದ್ಧ ನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ವಾಯುವಿನ ಒತ್ತಡ ಕಡಿಮೆಯಾದುದರಿಂದ ಇಲ್ಲಿ ಸುಮಾರು 7.6 ಮಿಲಿಗ್ರಾಮು ಮಾತ್ರ ಸಾಧ್ಯ. ಮೀನುಗಳ ಪೋಷಣೆಗೆ ಕನಿಷ್ಠ 4 ಮಿಲಿಗ್ರಾಮು ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ವರ್ಗೀಕರಣ ಹೇಳುತ್ತದೆ. ನಮ್ಮ ಹೊಳೆಯ ಮೀನಿಗೆ ಪ್ರಕೃತಿಯೇ ಕೊಟ್ಟಿರುವ ಬಂಡವಾಳ ಎಷ್ಟು ಸಣ್ಣದೆಂಬುದನ್ನು ನೋಡಿರಿ.

ಮಲಮೂತ್ರ, ಅನ್ನದ ಗಂಜಿ, ಸಾಬೂನು ಮೊದಲಾದವು ನೀರಿಗೆ ಬಿದ್ದಾಗ ಬ್ಯಾಕ್ಟೀರಿಯಗಳು ಅವನ್ನು ತಿಂದು, ತಿನ್ನುವಾಗ ಆಮ್ಲಜನಕವನ್ನು ಖರ್ಚುಮಾಡುತ್ತವೆ. ಹೀಗೆ ಖರ್ಚಾಗುವ ಮೊತ್ತಕ್ಕೆ ಜೀವರಾಸಾಯನಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿ.ಓ.ಡಿ., ಎಂದು ಹೆಸರು. ಪುಸ್ತಕಗಳಲ್ಲಿ ಇದನ್ನು 5 ದಿನ, 20 ಡಿಗ್ರಿಯಲ್ಲಿ ಅಳೆಯುವಂತೆ ಹೇಳಿರುತ್ತದೆ. ಐದು ದಿನವೇ ಏಕೆ? ಬ್ರಿಟನ್ನಿನ ಕೊಳಚೆ ವಿಲೇವಾರಿಯ ರಾಯಲ್ ಕಮಿಷನ್ 1912ರಲ್ಲಿ ಈ ಪರೀಕ್ಷೆಯನ್ನು ಗೊತ್ತುಪಡಿಸಿದಾಗ, ಆ ದೇಶದ ನದಿಗಳ ನೀರು ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲವೆಂಬ ಎಣಿಕೆ ಅದರ ಹಿಂದೆ ಇತ್ತೆಂದು ಹೇಳುತ್ತಾರೆ. ಅವರ ಹೊಳೆ, ಅವರ ಚಳಿ! ನಮ್ಮ ದೇಶದ ಹವೆಗೆ ತಕ್ಕಂತೆ ಭಾರತದ ಮಾನಕದಲ್ಲಿ ಇದನ್ನು 27 ಡಿಗ್ರಿಯಲ್ಲಿ 3 ದಿನ ಎಂದು ಮಾಡಿಕೊಂಡಿದ್ದಾರೆ. ಪರೀಕ್ಷೆಯೊಂದನ್ನು ಕಲಿಯುವಾಗ ಅದು ಎಲ್ಲಿ ಹುಟ್ಟಿತು, ಯಾರ ಹೊಳೆಗಾಗಿ ಹುಟ್ಟಿತು ಎಂಬುದನ್ನೂ ಕಲಿಯುವುದು ಒಳ್ಳೆಯದು.

ಖರ್ಚಿನ ಜೊತೆಗೆ ಜಮೆಯೂ ಉಂಟು. ಹರಿಯುವ ನೀರಿನ ಮೇಲ್ಮೈ ಗಾಳಿಯಿಂದ ಆಮ್ಲಜನಕವನ್ನು ಮತ್ತೆ ಹೀರಿಕೊಳ್ಳುತ್ತದೆ. ಅಮೆರಿಕದ ಓಹಾಯೋ ನದಿಯಲ್ಲಿ ಕೆಲಸಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು 1925ರಲ್ಲಿ ಈ ಜಮಾಖರ್ಚನ್ನು ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಕೊಳಚೆ ಬಿದ್ದ ಸ್ಥಳದಿಂದ ಕೆಳಕ್ಕೆ ಹೋದಂತೆ ಆಮ್ಲಜನಕ ಮೊದಲು ಕುಸಿದು, ಒಂದು ತಗ್ಗನ್ನು ಮುಟ್ಟಿ, ಅನಂತರ ಮೆಲ್ಲನೆ ಏರುತ್ತದೆ. ನಕ್ಷೆಯಲ್ಲಿ ಬರೆದರೆ ಸಡಿಲವಾಗಿ ಕಟ್ಟಿದ ಬಟ್ಟೆಹಗ್ಗದಂತೆ ಕಾಣುತ್ತದೆ. ಆ ತಗ್ಗು ಕೊಳಚೆ ಬಿದ್ದಲ್ಲಿಯೇ ಇರುವುದಿಲ್ಲ, ಎಷ್ಟೋ ಮೈಲಿ ಕೆಳಗೆ, ಕೊಳಚೆ ಬಿಡದ ಯಾವುದೋ ಹಳ್ಳಿಯ ಎದುರಿಗೆ ಇರುತ್ತದೆ. ಸೆಕೆಂಡಿಗೆ ಅರ್ಧ ಮೀಟರಿನಂತೆ ಹರಿಯುವ ನೀರು ಒಂದು ದಿನಕ್ಕೆ 43 ಕಿಲೋಮೀಟರು ಸಾಗುತ್ತದೆಂಬುದನ್ನು ನೆನೆದರೆ, ಬೆಂಗಳೂರಿನ ಸಾಲವನ್ನು ತೀರಿಸುವ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆಂದು ಲೆಕ್ಕ ಹಾಕಬಹುದು.

ಬೈರಮಂಗಲದ ಬಳಿ ಜಲಾಶಯವನ್ನು ಬಳಸಿಕೊಂಡು ಕೊಳಚೆನೀರನ್ನು ಪಕ್ಕದ ಕಾಲುವೆಯೊಂದರಿಂದ ಮುಂದಕ್ಕೆ ಸಾಗಿಸುವ ಯೋಜನೆ ಇತ್ತೀಚಿನ ವರ್ಷಗಳಲ್ಲಿ ಚರ್ಚೆಗೆ ಬಂದಿತು. ಜಲಾಶಯ ಶುದ್ಧವಾಗಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ನಿಂತ ನೀರಿನಲ್ಲಿ ಕೆಸರು ತಳಕ್ಕಿಳಿಯುತ್ತದೆ. ಇಳಿದಷ್ಟು ಹೊಲಸು ಮುಂದೆ ಹೋಗುವುದಿಲ್ಲ. ಎಂದರೆ ಆ ಪಾಪದ ಕೆರೆ ತನಗೆ ಇಷ್ಟವಿಲ್ಲದೆ ಒಂದು ಶುದ್ಧೀಕರಣದ ತೊಟ್ಟಿಯಾಗಿ ದುಡಿಯುತ್ತಿದೆ. ಮೇಲೆ ಶುದ್ಧೀಕರಿಸದೆ ಕೆರೆಯನ್ನು ಮಾತ್ರ ತಪ್ಪಿಸಿದರೆ ತಗ್ಗಿನ ಸ್ಥಳ ಕೆಳಕ್ಕೆ ಸರಿಯುತ್ತದೆ, ಅಷ್ಟೆ. ಇದನ್ನು ಮೊದಲೇ ಲೆಕ್ಕಹಾಕಿ ಕೆಳಗಿನ ಊರಿನವರಿಗೆ ತಿಳಿಯಹೇಳಬಲ್ಲವನು ಬೇಕು.

ಇನ್ನೊಂದು ಲೆಕ್ಕ ನಮ್ಮ ಮುಖ್ಯ ಮಾತಿಗೆ ಸಂಬಂಧಿಸಿದ್ದು. ಒಳ್ಳೆಯ ನೀರಿನ ಬಿ.ಓ.ಡಿ. ಲೀಟರಿಗೆ 3 ಮಿಲಿಗ್ರಾಮು, ಕೆಟ್ಟ ನೀರಿನದು 30 ಎಂದಿಟ್ಟುಕೊಳ್ಳಿ. ನಾಲ್ಕು ಪಾಲು ಒಳ್ಳೆಯ ನೀರಿಗೆ ಒಂದು ಪಾಲು ಕೆಟ್ಟದ್ದು ಬೆರೆತರೆ ಮಿಶ್ರಣದ ಬಿ.ಓ.ಡಿ. 8.4. ಪ್ರಮಾಣ ತಲೆಕೆಳಗಾಗಿ ಒಂದು ಪಾಲು ಒಳ್ಳೆಯದಕ್ಕೆ ನಾಲ್ಕು ಪಾಲು ಕೆಟ್ಟದ್ದು ಸೇರಿದರೆ 24.6. ಕೊಳಚೆಯ ಗುಣ ಎರಡು ಸಲವೂ ಒಂದೇ. ಬದಲಾದದ್ದು ಅದಕ್ಕೆ ಬೆರೆಯಲು ಬಂದ ಹೊಳೆ. ಆದುದರಿಂದ ಮಾಗಡಿಯ ಕಡೆಯ ಕೊಳವೆಬಾವಿಗೂ ಕನಕಪುರದ ಕಡೆಯ ದುರ್ವಾಸನೆಗೂ ಸಂಬಂಧವಿಲ್ಲವೆಂದು ಹೇಳಲಾಗದು. ಒಂದು ಇಲಾಖೆ ನೀರಿನ ಪ್ರಮಾಣವನ್ನೂ ಇನ್ನೊಂದು ನೀರಿನ ಗುಣವನ್ನೂ ನೋಡಿಕೊಳ್ಳುವುದು ಆಡಳಿತದ ಅನುಕೂಲ. ಹೊಳೆಗೆ ಆ ವಿಭಾಗ ಗೊತ್ತಿಲ್ಲ.

ಹರಿವಿನ ಪ್ರಮಾಣವನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ನಾವು ಮೊದಲು ಕೊಡುವ ಸಲಕರಣೆ ಒಂದು ಕಿತ್ತಳೆಹಣ್ಣು. ಅದು ಮುಕ್ಕಾಲು ಮುಳುಗಿ ತೇಲುವುದರಿಂದ ಗಾಳಿಗೆ ಸಿಕ್ಕುವುದು ಕಡಿಮೆ. ಕಳೆದುಹೋದರೂ ನಷ್ಟ ಅಲ್ಪ. ಹಳ್ಳದ ನೇರವಾದ ಭಾಗದಲ್ಲಿ 10 ಮೀಟರು ಅಳೆದು ಹಣ್ಣನ್ನು ಬಿಡಿ. 25 ಸೆಕೆಂಡು ಹಿಡಿಯಿತೆಂದರೆ ಮೇಲ್ಮೈಯ ವೇಗ 0.4 ಮೀಟರು. ತಳದಲ್ಲಿ ಘರ್ಷಣೆಯಿರುವುದರಿಂದ ಸರಾಸರಿ ವೇಗ ಇದರ 0.85ರಷ್ಟು, ಎಂದರೆ 0.34. ಹಳ್ಳದ ಅಗಲ 3 ಮೀಟರು, ಸರಾಸರಿ ಆಳ 20 ಸೆಂಟಿಮೀಟರು ಇದ್ದರೆ ಸೆಕೆಂಡಿಗೆ ಸುಮಾರು 204 ಲೀಟರು, ದಿನಕ್ಕೆ ಸುಮಾರು 1 ಕೋಟಿ 76 ಲಕ್ಷ ಲೀಟರು ಹರಿಯಿತೆಂದಾಯಿತು. ಇದರ ಬಿ.ಓ.ಡಿ. 30 ಆದರೆ, ಆ ಸಣ್ಣ ಹಳ್ಳ ಪ್ರತಿದಿನ ಹೊರುವ ಆಮ್ಲಜನಕದ ಸಾಲ 500 ಕಿಲೋಗ್ರಾಮಿಗೂ ಹೆಚ್ಚು! ಕಿತ್ತಳೆಹಣ್ಣು ತಂದುಕೊಟ್ಟ ಅಂಕಿಯಿಲ್ಲದೆ ಪ್ರಯೋಗಶಾಲೆಯ ಅಂಕಿ ಕುಂಟುತ್ತದೆ.

ರೇಷ್ಮೆಯ ವಿಚಾರವನ್ನು ರಾಮನಗರದಲ್ಲಿ ಬಿಟ್ಟು ಹೋಗುವಂತಿಲ್ಲ. ಇಲ್ಲಿನ ಗೂಡಿನ ಮಾರುಕಟ್ಟೆ ಬಹು ದೊಡ್ಡದೆಂದು ಖ್ಯಾತಿ ಪಡೆದದ್ದು. ನೂಲು ಬಿಚ್ಚಲು ಗೂಡನ್ನು ಕುದಿಯುವ ನೀರಿಗೆ ಹಾಕಿದಾಗ ಸೆರಿಸಿನ್ ಎಂಬ ಅಂಟುಪ್ರೋಟೀನಿನ ಒಂದು ಭಾಗ ನೀರಿಗೆ ಬರುತ್ತದೆ. ಅದು ವಿಷವಲ್ಲ, ಆದರೆ ಬ್ಯಾಕ್ಟೀರಿಯಗಳಿಗೆ ಔತಣ. ಚರಂಡಿಗೆ ಬಿದ್ದರೆ ಆಮ್ಲಜನಕವನ್ನು ನುಂಗುತ್ತದೆ. ಬೆಂಗಳೂರನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂದು ತೋರಿಸಲು ಇಷ್ಟು ಹೇಳಿದರೆ ಸಾಕು.

ಇನ್ನು ಹೊಳೆಯ ಆಕಾರ. ಹೊಳೆ ಸರಿಪಡಿಸುವುದೆಂದರೆ ಜೆಸಿಬಿ ಯಂತ್ರದಿಂದ ಪಾತ್ರವನ್ನು ನೇರವಾಗಿ ತೋಡಿ ಎರಡು ಕಡೆ ಗೋಡೆ ಕಟ್ಟುವುದು ಎಂಬ ಭಾವನೆ ಎಲ್ಲೆಲ್ಲಿಯೂ ಇದೆ. ಇದರಲ್ಲಿರುವ ಅಪಾಯವನ್ನು ಪ್ರೌಢಶಾಲೆಯ ಯಂತ್ರಶಾಸ್ತ್ರದಿಂದಲೇ ಕಾಣಬಹುದು. ಅರ್ಧ ಮೀಟರು ಆಳದ ನೀರಿದ್ದರೆ ತಳದ ಪ್ರತಿ ಚದರ ಮೀಟರಿನ ಮೇಲೂ 500 ಕಿಲೋಗ್ರಾಮು ನೀರು ನಿಂತಿರುತ್ತದೆ. ಪಾತ್ರದ ಇಳಿಜಾರು 200ಕ್ಕೆ 1 ಆದರೆ ಆ ತೂಕದ 200ರಲ್ಲಿ ಒಂದು ಪಾಲು, ಎಂದರೆ ಎರಡೂವರೆ ಕಿಲೋಗ್ರಾಮಿನ ತೂಕದಷ್ಟು ಬಲ, ತಳವನ್ನು ಮುಂದಕ್ಕೆ ಉಜ್ಜುತ್ತದೆ. ಸುಮಾರು 3 ಸೆಂಟಿಮೀಟರಿನ ಕಲ್ಲುಗಳನ್ನು ಕದಲಿಸಲು ಇದು ಸಾಕು. ಈಗ ಸುತ್ತಿಬಳಸಿ 200 ಮೀಟರು ಹರಿಯುತ್ತಿದ್ದ ಹಳ್ಳವನ್ನು ನೇರಮಾಡಿ 100 ಮೀಟರಿಗೆ ಇಳಿಸಿದೆವೆನ್ನಿ. ಎತ್ತರದ ವ್ಯತ್ಯಾಸ ಅಷ್ಟೇ ಉಳಿದು, ಇಳಿಜಾರು 100ಕ್ಕೆ 1 ಆಯಿತು. ಉಜ್ಜುವ ಬಲ ಇಮ್ಮಡಿಯಾಯಿತು. 6 ಸೆಂಟಿಮೀಟರಿನ ಕಲ್ಲುಗಳೂ ಹೊರಟವು. ಆಮೇಲೆ ತಳ ಕೊರೆಯುತ್ತದೆ, ದಡ ಕುಸಿಯುತ್ತದೆ, ಕೆಳಗಿನ ಕೆರೆಗೆ ಹೂಳು ತುಂಬುತ್ತದೆ. ಹಳ್ಳದ ಅಂಕುಡೊಂಕು ಸೋಮಾರಿತನದ ಗುರುತಲ್ಲ.

ಹಾಗೆಂದು ಅಂಕುಡೊಂಕನ್ನು ಕೈಯಾರೆ ಬರೆದು ಹೊಳೆಗೆ ತೊಡಿಸಿದರೂ ಆಗದು. ಅಮೆರಿಕದಲ್ಲಿ ಡೇವ್ ರಾಸ್ಗೆನ್ ಎಂಬವರು ಹೊಳೆಗಳನ್ನು ಆಕಾರದ ಮೇಲೆ ವರ್ಗೀಕರಿಸುವ ಕ್ರಮವೊಂದನ್ನು 1994ರಲ್ಲಿ ಪ್ರಕಟಿಸಿದರು. ಅವರ ಅಲ್ಪಾವಧಿಯ ತರಬೇತಿಗಳಲ್ಲಿ ಕಲಿತವರು ಬಹು ಮಂದಿ. ಆ ದೇಶದಲ್ಲಿ ಹೊಳೆ ದುರಸ್ತಿ ಒಂದು ಉದ್ಯೋಗವಾಗಿ ನೆಲೆಗೊಳ್ಳಲು ಅದು ಬಹಳ ನೆರವಾಯಿತು. ಆದರೆ ಕ್ಯಾಲಿಫೋರ್ನಿಯದ ಊವಾಸ್ ಎಂಬ ತೊರೆಯನ್ನು ಈ ವರ್ಗೀಕರಣವನ್ನು ಆಧರಿಸಿ ಸುಂದರವಾದ ಬಳುಕುಗಳೊಡನೆ 1995ರ ನವೆಂಬರಿನಲ್ಲಿ ಹೊಸದಾಗಿ ರೂಪಿಸಿದಾಗ, 1996ರ ಫೆಬ್ರವರಿಯ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು. ಮೂರೇ ತಿಂಗಳು! ಮೇಲಿನಿಂದ ಎಷ್ಟು ನೀರು, ಎಷ್ಟು ಮರಳು ಬರುತ್ತದೆ, ಆ ತೊರೆಯ ಚರಿತ್ರೆಯೇನು ಎಂಬುದನ್ನು ವಿಚಾರಿಸದೆ ಆಕಾರವನ್ನು ಮಾತ್ರ ನೋಡಿದ್ದರ ಫಲವಿದೆಂದು, 2001ರಲ್ಲಿ ಕಾಂಡಾಲ್ಫ್ ಮತ್ತು ಸಂಗಡಿಗರು ವಿಮರ್ಶಿಸಿದರು. ನಾಲ್ಕು ದಿನದ ತರಬೇತಿಯಿಂದ ಹೊಳೆಗೆ ಹೆಸರಿಡಲು ಬರುತ್ತದೆ. ಅದರ ನಡತೆಯನ್ನು ಅರಿಯಲು ಕೆಲವು ಮಳೆಗಾಲಗಳೇ ಬೇಕು.

ನಮ್ಮ ಸೀಮೆಯಲ್ಲಿ ಇಂತಹ ದೀರ್ಘ ತರಬೇತಿ ಹಿಂದೆ ಇರಲಿಲ್ಲವೆಂದು ತಿಳಿಯಬಾರದು. ಹಳೆಯ ಮೈಸೂರಿನ ಕೆರೆಗಳಿಗೆ ನೀರುಗಂಟಿ ಎಂಬವನಿರುತ್ತಿದ್ದ. ಯಾವ ಮಳೆಗೆ ಯಾವ ಹಳ್ಳ ಬರುತ್ತದೆ, ತೂಬನ್ನು ಎಷ್ಟು ತೆರೆದರೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆ, ಕೋಡಿ ಯಾವಾಗ ಬಿದ್ದೀತು ಎಂಬುದೆಲ್ಲ ಅವನಿಗೆ ತಂದೆಯ ಹಿಂದೆ ಏರಿಯ ಮೇಲೆ ನಡೆದು ನಡೆದು ಬಂದ ವಿದ್ಯೆ. ಚನ್ನಪಟ್ಟಣದ ಕಡೆ ಇಂದು ಅನೇಕ ಕೆರೆಗಳನ್ನು ತುಂಬುವುದು, ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಕಟ್ಟಿದ ಅಣೆಯಿಂದ ಪಂಪಿನ ಮೂಲಕ ಎತ್ತಿ ತಂದ ನೀರು. ಮಾಗಡಿ ಸೀಮೆಯಲ್ಲಿ ಹುಟ್ಟಿ ಹರಿಯುವ ಕಣ್ವ ನದಿಗೆ 1946ರಲ್ಲಿ ಕಟ್ಟಿದ ಜಲಾಶಯಕ್ಕೂ ಈ ನೆರವು ಬೇಕಾಯಿತು. ಕೆರೆ ತುಂಬಿತು, ಅಂತರ್ಜಲ ಏರಿತು, ರೈತ ನಕ್ಕ. ಇದನ್ನು ಹಳಿಯುವ ಮನಸ್ಸು ನಮಗಿಲ್ಲ. ಆದರೆ ಪಂಪು ತುಂಬಿಸಿದ ಕೆರೆ ತನ್ನ ಮೇಲಿನ ಹಳ್ಳವನ್ನು ಮರೆಯುವಂತೆ ಮಾಡುತ್ತದೆ. ಹಳ್ಳ ಒತ್ತುವರಿಯಾದರೂ ಕೇಳುವವರಿಲ್ಲ.

ಇಂದಿನ ತರಬೇತಿಯಲ್ಲಿ ಹಳ್ಳಿಯವರೆಗೆ ತಲುಪಿದ್ದು ಒಂದು ಉಂಟು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಲ್ಲಿಯೂ ಐವರು ಮಹಿಳೆಯರಿಗೆ ಕುಡಿಯುವ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡಿದೆ. ಒಂದು ಸಣ್ಣ ಪೆಟ್ಟಿಗೆ. ಅದರಲ್ಲಿ ಕೆಲವು ಸೀಸೆಗಳು, ಬಣ್ಣದ ಪಟ್ಟಿಗಳು. ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು, ನೈಟ್ರೇಟು 45 ಮಿಲಿಗ್ರಾಮನ್ನು ಮೀರಿದೆಯೇ ಎಂದು ಬಣ್ಣ ಹೋಲಿಸಿ ನೋಡುತ್ತಾರೆ. ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣೆಯ ಸಂಸ್ಥೆ, ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅಧಿಕಾರಿಗಳಿಗೂ ಪಂಚಾಯಿತಿಯವರಿಗೂ ತರಬೇತಿ ಕೊಡುತ್ತವೆ. ಕೊರತೆಯಿರುವುದು ನಮ್ಮ ಕಾಲೇಜುಗಳಲ್ಲಿ. ಹರಿವಿನ ಗಣಿತ ಒಂದು ತರಗತಿಯಲ್ಲಿ, ಬಿ.ಓ.ಡಿ. ಇನ್ನೊಂದರಲ್ಲಿ, ದಡದ ಹೊಂಗೆ ನೇರಳೆಗಳು ಮತ್ತೊಂದರಲ್ಲಿ. ಮೂರನ್ನೂ ಒಂದೇ ಹಳ್ಳದಲ್ಲಿ ಮೊಣಕಾಲುದ್ದ ನೀರಿಗಿಳಿದು ಕಲಿಸುವುದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ವೇಳಾಪಟ್ಟಿಯನ್ನು ದೂಷಿಸುತ್ತ ಕೂರದೆ, ರಜಾದಿನಗಳಲ್ಲಿ ಈ ಕೆಲಸವನ್ನು ಆರಂಭಿಸಬಹುದು.

ಆರಂಭಿಸುವವರು ವೃಷಭಾವತಿ ಅರ್ಕಾವತಿಯನ್ನು ಕೂಡುವ ಸ್ಥಳವನ್ನು ಆರಿಸಿಕೊಳ್ಳಲಿ. ಕೂಡುವ ಮೊದಲು ಎರಡೂ ಹೊಳೆಗಳಿಂದ ಒಂದೊಂದು ಸೀಸೆ, ಕೂಡಿದ ಮೇಲೆ ಒಂದು ಸೀಸೆ ನೀರು ತುಂಬಬೇಕು. ಕೂಡಿದ ಕೂಡಲೆ ತುಂಬಿದರೆ ಪ್ರಯೋಜನವಿಲ್ಲ. ಎರಡು ನೀರುಗಳು ಬಹುದೂರ ಪಕ್ಕಪಕ್ಕದಲ್ಲಿಯೇ ಬೆರೆಯದೆ ಸಾಗುತ್ತವೆ. ಆದುದರಿಂದ ಚೆನ್ನಾಗಿ ಕೆಳಗೆ ಹೋಗಿ, ಎರಡು ದಡಗಳಲ್ಲಿಯೂ ನಡುವೆಯೂ ಪರೀಕ್ಷಿಸಿ ಒಂದೇ ಫಲ ಬಂದ ಮೇಲೆ ತುಂಬಬೇಕು. ಬೇರೆಯ ಹೊಳೆಗಳಲ್ಲಿ ಬೆಳಗಿನ ಹನ್ನೊಂದು ಗಂಟೆಯ ಒಂದು ಸೀಸೆ ಸಾಕಾದೀತು, ಇಲ್ಲಿ ಸಾಲದು: ನಗರದ ನೀರು ಗಂಟೆಗೊಂದು ಬಗೆಯಾಗಿ ಬರುತ್ತದೆ, ಕಾರ್ಖಾನೆಗಳೂ ತಮಗೆ ಅನುಕೂಲವಾದ ಹೊತ್ತಿಗೆ ಬಿಡುತ್ತವೆ. ಒಂದು ಹಗಲು ಒಂದು ರಾತ್ರಿ ಪಾಳಿಯ ಮೇಲೆ ಕುಳಿತು ತುಂಬಬೇಕು. ಆಮ್ಲಜನಕದ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಹಂಗೇರಿಯ ವಿಂಕ್ಲರ್ 1888ರಲ್ಲಿ ತೋರಿಸಿದ ರಾಸಾಯನಿಕಗಳನ್ನು ದಡದಲ್ಲಿಯೇ ಸೇರಿಸಿ ಮುಚ್ಚಬೇಕು. ಕನಕಪುರದಿಂದ ಬಸ್ಸಿನಲ್ಲಿ ಪ್ರಯೋಗಶಾಲೆಗೆ ಬರುವಷ್ಟರಲ್ಲಿ ಸೀಸೆಯೊಳಗಿನ ಬ್ಯಾಕ್ಟೀರಿಯಗಳು ಸುಮ್ಮನೆ ಕುಳಿತಿರುವುದಿಲ್ಲ. ನೀರಿನ ಜೊತೆಗೆ ತಳದ ಕೆಸರನ್ನೂ ಒಂದು ಹಿಡಿ ತರಬೇಕು. ಕಾರ್ಖಾನೆಯ ಲೋಹಗಳು ಕೆಸರಿನ ನುಣುಪಾದ ಕಣಗಳಿಗೆ ಅಂಟಿಕೊಂಡು ಸಾಗುತ್ತವೆ, ಹರಿವು ನಿಧಾನವಾದಲ್ಲಿ ತಳಕ್ಕಿಳಿಯುತ್ತವೆ. ಈ ಹೊಳೆ ಕಾವೇರಿಯನ್ನು ಮುಟ್ಟುವ ಮೊದಲು ಹಾಗೆ ನಿಧಾನವಾಗುವ ಕೊನೆಯ ದೊಡ್ಡ ತಾಣ ಹಾರೋಬೆಲೆಯ ಜಲಾಶಯ. ಎರಡನೆಯ ಹಿಡಿ ಕೆಸರನ್ನು ಅಲ್ಲಿಂದ ತರತಕ್ಕದ್ದು.